ಆಯಾಸವೂ ಯಾತನೆಯೂ

ಮನುಷ್ಯನು ತಾನಾಗಿ ಕೈಕೊಂಡ ಶ್ರಮಕ್ಕೂ ಅವನ ಮೇಲೆ ಬಂದೆರಗಿದ ನೋವಿಗೂ ಹೊರನೋಟದಲ್ಲಿ ಬಹಳ ಹೋಲಿಕೆಯುಂಟು. ಎರಡರಲ್ಲಿಯೂ ಮೈ ಬೆವರುತ್ತದೆ, ಉಸಿರು ಸಿಕ್ಕುತ್ತದೆ, ಕಾಲು ಸೋಲುತ್ತದೆ, ರಾತ್ರಿ ಮಗ್ಗುಲು ಬದಲಿಸುವುದೂ ಕಷ್ಟವಾಗುತ್ತದೆ. ಆದರೆ ಬೆಟ್ಟವನ್ನು ಹತ್ತುವವನು ಬೇಡವೆನಿಸಿದಾಗ ಇಳಿದು ಬರಬಲ್ಲನು. ವ್ಯಾಧಿಗ್ರಸ್ತನಿಗೆ ಹಾಗೆ ಇಳಿದುಬರುವ ದಾರಿಯಿಲ್ಲ. ಒಬ್ಬನ ಆಯಾಸಕ್ಕೆ ಅವನ ಸಂಕಲ್ಪವೇ ಒಡೆಯ. ಇನ್ನೊಬ್ಬನ ಯಾತನೆಗೆ ಅವನು ಒಡೆಯನಲ್ಲ. ಹೀಗಿರಲು, ಆರೋಗ್ಯವಂತನಾದವನೊಬ್ಬನು ತನ್ನ ಮೈಯನ್ನು ದಂಡಿಸಿಕೊಂಡು, ಇದನ್ನು ನಾನು ರೋಗಿಗಳಿಗಾಗಿ ಮಾಡುತ್ತಿದ್ದೇನೆ ಎಂದು ಹೇಳಿದರೆ ಆ ಮಾತಿಗೆ ಅರ್ಥವೇನು? ಒಬ್ಬನ ಕಾಲುನೋವು ಮತ್ತೊಬ್ಬನ ಹಾಸಿಗೆಯನ್ನು ಹೇಗೆ ಮುಟ್ಟೀತು?

ಈ ‘ಗಾಗಿ’ ಎಂಬ ಪ್ರತ್ಯಯದಲ್ಲಿಯೇ ಪ್ರಶ್ನೆಯೆಲ್ಲ ಅಡಗಿದೆ. ವ್ಯಾಕರಣದಲ್ಲಿ ಚತುರ್ಥೀ ವಿಭಕ್ತಿಗೆ ಸಂಪ್ರದಾನವೆಂಬ ಅರ್ಥವನ್ನು ಹೇಳುತ್ತಾರೆ. ಕೊಡುವವನು ಯಾರನ್ನು ಉದ್ದೇಶಿಸಿ ಕೊಡುತ್ತಾನೆಯೋ ಅವನು ಸಂಪ್ರದಾನ. ಆದರೆ ವೈಯಾಕರಣರಲ್ಲಿ ಒಂದು ಸೂಕ್ಷ್ಮವಾದ ಮತವಿದೆ. ಮಡಿವಾಳನ ಕೈಗೆ ಬಟ್ಟೆಯನ್ನು ಕೊಟ್ಟರೆ ಅವನು ಸಂಪ್ರದಾನವಾಗುವುದಿಲ್ಲ. ಏಕೆಂದರೆ ಆ ಬಟ್ಟೆ ಶುಭ್ರವಾಗಿ ಕೊಟ್ಟವನ ಮನೆಗೇ ಹಿಂದಿರುಗುತ್ತದೆ. ತನ್ನ ಸ್ವತ್ವವನ್ನು ಬಿಟ್ಟು ಕೊಟ್ಟುದು ಮಾತ್ರ ಸಂಪ್ರದಾನ. ಈ ಪಾಠವನ್ನು ಹೇಳುವಾಗ ಹುಡುಗರು ನಗುವುದುಂಟು. ನಾವು ಪರರಿಗಾಗಿ ಮಾಡಿದೆವೆಂದುಕೊಳ್ಳುವ ಕಾರ್ಯಗಳಲ್ಲಿ ಎಷ್ಟು ಭಾಗವು ಮಡಿವಾಳನಿಗೆ ಕೊಟ್ಟ ಬಟ್ಟೆಯಾಗಿದೆಯೆಂದು ಎಣಿಸಹೊರಟರೆ ನಗು ಉಳಿಯುವುದಿಲ್ಲ.

ನಮ್ಮ ಶಾಲೆಯಲ್ಲಿಯೇ ಓದಿ, ಈಗ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ಈ ಪ್ರಶ್ನೆಯನ್ನು ನನಗೆ ಬರೆದು ಕೇಳಿದನು. ಅವನು ಅಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಹಿಡಿದಿದ್ದಾನೆ. ಪ್ರತಿ ಗುರುವಾರ ಮಧ್ಯಾಹ್ನ ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕನಾಗಿ ಕೆಲವು ತಾಸು ಇರುತ್ತಾನೆ. ಉಳಿದ ದಿನಗಳಲ್ಲಿ, ಆ ರೋಗದ ಚಿಕಿತ್ಸೆಗೂ ಸಂಶೋಧನೆಗೂ ಹಣ ಕೂಡಿಸುವ ಬೈಸಿಕಲ್ ಸವಾರಿಯೊಂದಕ್ಕೆ ಮೈಯನ್ನು ಅಣಿಗೊಳಿಸುತ್ತಾನೆ. ಎರಡೂ ಒಂದೇ ರೋಗಕ್ಕೆ ಸಂಬಂಧಿಸಿದುವಾದರೂ ಒಂದು ಇನ್ನೊಂದರ ಹೊತ್ತನ್ನು ತಿನ್ನತೊಡಗಿದಾಗ ಅವನಿಗೆ ಸಂದೇಹ ಹುಟ್ಟಿತು. ಅದೇನೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಆ ಸವಾರಿಯ ವೃತ್ತಾಂತವನ್ನು ಓದುಗರಿಗೆ ತಿಳಿಸುವುದು ಅವಶ್ಯ. ನಮ್ಮಲ್ಲಿ ಅಂಥ ಪದ್ಧತಿ ವಿರಳವಾದುದರಿಂದ ಅದು ಕೇವಲ ವಿನೋದವೆಂದು ತೋರುವ ಸಂಭವವಿದೆ.

ಅದಕ್ಕೆ ಪ್ಯಾನ್-ಮ್ಯಾಸ್ ಚಾಲೆಂಜ್ ಎಂದು ಹೆಸರು. ಅದನ್ನು ಆರಂಭಿಸಿದವರು ಬಿಲ್ಲಿ ಸ್ಟಾರ್ ಎಂಬುವರು. ಅವರ ತಾಯಿ ಮೆಲನೋಮವೆಂಬ ಚರ್ಮದ ಕ್ಯಾನ್ಸರಿನಿಂದ 1974ರಲ್ಲಿ ತೀರಿಕೊಂಡರು. 1980ರಲ್ಲಿ ಅವರು 36 ಮಂದಿಯನ್ನು ಕೂಡಿಸಿಕೊಂಡು ಸ್ಪ್ರಿಂಗ್‌ಫೀಲ್ಡಿನಿಂದ ಹೊರಟು, ಕೇಪ್ ಕಾಡ್ ಎಂಬ ಕೊಂಕಿದ ತೋಳಿನಂಥ ಭೂಶಿರದ ತುದಿಯಲ್ಲಿರುವ ಪ್ರಾವಿನ್ಸ್‌ಟೌನ್ ವರೆಗೆ ಬೈಸಿಕಲ್ ತುಳಿದರು. ಆ ವರ್ಷ ಕೂಡಿದ ಹಣ 10,200 ಡಾಲರು. ಇಂದು ಪ್ರತಿವರ್ಷ ಆಗಸ್ಟ್ ತಿಂಗಳ ಆದಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ತುಳಿಯುತ್ತಾರೆ. ಸ್ಟರ್‌ಬ್ರಿಜ್ ಎಂಬ ಊರಿನಿಂದ ಹೊರಡುವ ಎರಡು ದಿನಗಳ ದಾರಿಯು ಸುಮಾರು 300 ಕಿಲೋಮೀಟರು. 2024ರ ವೇಳೆಗೆ ಒಟ್ಟು ಕೂಡಿಸಿಕೊಟ್ಟ ಹಣವು ನೂರು ಕೋಟಿ ಡಾಲರನ್ನು ದಾಟಿತು. ಅದೆಲ್ಲವೂ ಬೋಸ್ಟನ್ ನಗರದ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸಲ್ಲುತ್ತದೆ.

ಇದರಲ್ಲಿ ನನಗೆ ಹಿಡಿಸಿದುದು ಒಂದು ಕಟ್ಟಳೆ. ಸವಾರನಾಗಬಯಸುವವನು ಇಂತಿಷ್ಟು ಸಾವಿರ ಡಾಲರು ಕೂಡಿಸುತ್ತೇನೆಂದು ಮೊದಲೇ ಮಾತು ಕೊಡಬೇಕು. ಬಂಧುಮಿತ್ರರಲ್ಲಿ ಬೇಡಿ ಅಷ್ಟನ್ನು ಕೂಡಿಸದೆ ಹೋದರೆ ಕೊರತೆಯನ್ನು ತನ್ನ ಕೈಯಿಂದ ತುಂಬಬೇಕು. ಅಂದರೆ ಬಾಯಿಮಾತಿನ ಉತ್ಸಾಹಕ್ಕೆ ಅಲ್ಲಿ ಬೆಲೆಯಿಲ್ಲ, ನುಡಿದುದು ಋಣವಾಗುತ್ತದೆ. ಇನ್ನೊಂದು, ಅದು ಪಂದ್ಯವಲ್ಲ. ಮೊದಲು ಮುಟ್ಟಿದವನಿಗೆ ಬಹುಮಾನವಿಲ್ಲ, ಕೊನೆಗೆ ಮುಟ್ಟಿದವನಿಗೆ ಅವಮಾನವಿಲ್ಲ.

ಈ ಹಣ ಹೋಗಿ ಸೇರುವ ಸಂಸ್ಥೆಯ ಮೂಲದಲ್ಲಿ ನಮ್ಮ ಪಕ್ಕದ ಆಂಧ್ರದವರೊಬ್ಬರ ಪರಿಶ್ರಮವಿರುವುದನ್ನು ಇಲ್ಲಿ ಸ್ಮರಿಸಬೇಕು. ಸಿಡ್ನಿ ಫಾರ್ಬರ್ ಎಂಬ ವೈದ್ಯರು ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರಿನಿಂದ ವಾರಗಳಲ್ಲಿಯೇ ಸಾಯುತ್ತಿದ್ದ ಶಿಶುಗಳಿಗೆ ಅಮಿನಾಪ್ಟೆರಿನ್ ಎಂಬ ಔಷಧವನ್ನು ಕೊಟ್ಟು ನೋಡಿದರು. 1948ರ ಜೂನ್ ತಿಂಗಳಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಔಷಧ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳಿಗೆ ಕೆಲವು ಕಾಲ ಗುಣ ಕಂಡಿತು. ಆ ಗುಣವು ನಿಲ್ಲಲಿಲ್ಲ, ರೋಗವು ಮರಳಿತು. ಆದರೂ ಔಷಧದಿಂದ ಆ ರೋಗವನ್ನು ಹಿಮ್ಮೆಟ್ಟಿಸಬಹುದೆಂಬುದು ಆಗ ಸ್ಪಷ್ಟವಾಯಿತು. ಆ ಔಷಧವನ್ನು ರಚಿಸಿಕೊಟ್ಟ ತಂಡದ ಮುಖ್ಯಸ್ಥರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮವರದಲ್ಲಿ ಹುಟ್ಟಿದವರು. ಅವರು ಬೋಸ್ಟನ್ನಿಗೆ ಹೋದ ಹೊಸದರಲ್ಲಿ ಕೈಯಲ್ಲಿ ಕಾಸಿಲ್ಲದೆ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಹೊತ್ತು ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವುದೇ ಮೊದಲಾದ ಪರಿಚಾರಕನ ಕೆಲಸವನ್ನು ಮಾಡುತ್ತ ಹಗಲು ವಿದ್ಯೆಯನ್ನು ಸಾಧಿಸಿದರು. ಫಾರ್ಬರರ ವರದಿ ಪ್ರಕಟವಾದ ಸುಮಾರು ಎರಡು ತಿಂಗಳಿಗೆ, 1948ರ ಆಗಸ್ಟಿನಲ್ಲಿ, ಅವರು ಲಿಂಗೈಕ್ಯರಾದರು ಎನ್ನಲು ನನ್ನ ನಾಲಗೆ ಹವಣಿಸುತ್ತದೆ. ಅವರ ಮತ ಬೇರೆಯಾದರೂ ಕಾಯಕವು ನಮಗೆ ಗುರುತಾಗುವಂಥದು.

ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಫಾರ್ಬರರ ರೋಗಿಯಾಗಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನು ಹಾಸಿಗೆಯಿಂದಲೇ ರೇಡಿಯೋದಲ್ಲಿ ಮಾತನಾಡಿದನು. ಅವನಿಗೆ ಬೇಸ್‌ಬಾಲ್ ಆಟದಲ್ಲಿ ಪ್ರೀತಿ. ಬೋಸ್ಟನ್ ಬ್ರೇವ್ಸ್ ತಂಡದ ಆಟಗಾರರು ಅವನ ಕೋಣೆಗೆ ಬಂದರು. ಆಟವನ್ನು ನೋಡಲು ಅವನಿಗೊಂದು ಟೆಲಿವಿಷನ್ ಬೇಕೆಂದು ದೇಶಕ್ಕೆಲ್ಲ ಕೇಳಿಸಿದರು. 20,000 ಡಾಲರು ಕೂಡಿದರೆ ಟೆಲಿವಿಷನ್ ಎಂದಿದ್ದರು. ಕೂಡಿದುದು 2,31,000 ಡಾಲರಿಗೂ ಹೆಚ್ಚು. ಜಿಮ್ಮಿ ಫಂಡ್ ಎಂಬ ನಿಧಿಯು ಹೀಗೆ ಹುಟ್ಟಿತು. ಆದರೆ ಆ ಹುಡುಗನ ಹೆಸರು ಜಿಮ್ಮಿಯಲ್ಲ. ರೋಗಿಯ ಗುಟ್ಟು ಬಯಲಾಗಬಾರದೆಂದು ಇಟ್ಟ ಹೆಸರು ಅದು. ಐವತ್ತು ವರ್ಷಗಳ ಕಾಲ ಜನರು ಜಿಮ್ಮಿ ಸತ್ತಿರಬೇಕೆಂದೇ ತಿಳಿದಿದ್ದರು. 1998ರಲ್ಲಿ ಐನಾರ್ ಗುಸ್ಟಾಫ್‌ಸನ್ ಎಂಬ ಲಾರಿ ಚಾಲಕರು, ಮೇನ್ ಪ್ರಾಂತದ ರೈತ ಮನೆತನದವರು, ತಾವೇ ಆ ಹುಡುಗನೆಂದು ಹೊರಬಂದರು. 2001ರ ವರೆಗೆ ಬಾಳಿದರು. ಲಕ್ಷಾಂತರ ಜನರಿಂದ ಹಣ ತಂದ ಮುಖವು ಅಷ್ಟು ವರ್ಷ ತನ್ನ ಪಾಡಿಗೆ ಲಾರಿ ನಡೆಸುತ್ತಿದ್ದುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಅದೇಕೆಂಬುದು ಮುಂದೆ ತಿಳಿದೀತು.

ಇನ್ನು ವಿದ್ಯಾರ್ಥಿಯ ವಿಷಯ. ಆಸ್ಪತ್ರೆಯಲ್ಲಿ ಅವನ ಕೆಲಸವೆಂದರೆ ಹೇಳಿಕೊಳ್ಳುವಂಥದೇನೂ ಅಲ್ಲ. ರಕ್ತನಾಳದ ಮೂಲಕ ಔಷಧ ಇಳಿಸಿಕೊಳ್ಳುತ್ತ ತಾಸುಗಟ್ಟಲೆ ಕುರ್ಚಿಯಲ್ಲಿ ಒರಗಿರುವವರಿಗೆ ಹೊದಿಕೆ ತಂದುಕೊಡುವುದು, ನೀರು ಕೊಡುವುದು, ಓದಲು ಪುಸ್ತಕ ಕೊಡುವುದು, ಅವರು ಮಾತನಾಡಿದರೆ ಕೇಳುವುದು, ಆಡದಿದ್ದರೆ ಸುಮ್ಮನೆ ಕುಳಿತಿರುವುದು. ಔಷಧದ ಬಗೆಗೆ ಒಂದು ಮಾತನ್ನೂ ಆಡಕೂಡದು. ತನಗೆ ನೆಗಡಿಯಿದ್ದರೆ ಬರಲೇಕೂಡದು. ಏಕೆಂದರೆ ಆ ಔಷಧಗಳು ಅಸ್ಥಿಮಜ್ಜೆಯನ್ನು ಕುಗ್ಗಿಸಿ ಬಿಳಿಯ ರಕ್ತಕಣಗಳನ್ನು ಇಳಿಸುವುದರಿಂದ, ನಮಗೆ ಎರಡು ದಿನದ ನೆಗಡಿಯಾದುದು ಅವರಿಗೆ ಪ್ರಾಣಾಂತಿಕವಾಗಬಹುದು. ಒಳಗೆ ಹೋಗುವಾಗ ಕೈ ತೊಳೆಯಬೇಕು, ಹೊರಗೆ ಬರುವಾಗ ತೊಳೆಯಬೇಕು. ಅಲ್ಲಿ ಕೇಳಿದುದನ್ನು ಹೊರಗೆ ಹೇಳಕೂಡದು. ನಮ್ಮ ಹಳೆಯ ಮನೆಗಳಲ್ಲಿ ಪೂಜಾಗೃಹಕ್ಕೆ ಇದ್ದ ಕಟ್ಟಳೆಗಳಿಗಿಂತ ಇವು ಕಡಿಮೆಯೇನಲ್ಲ, ಮತ್ತು ಇವುಗಳಿಗೆ ಕಾರಣವೂ ಇದೆ.

ಸವಾರಿಯ ಅಭ್ಯಾಸವೋ ಇದಕ್ಕೆ ವಿರುದ್ಧ. ಅಲ್ಲಿನ ಚಳಿಗಾಲ ಮುಗಿದು ಹಿಮ ಕರಗಿದ ಮೇಲೆ ಏಪ್ರಿಲಿನಲ್ಲಿ ಮೂವತ್ತು ನಲವತ್ತು ಕಿಲೋಮೀಟರಿನಿಂದ ಮೊದಲುಮಾಡಿ, ವಾರವಾರಕ್ಕೆ ಹೆಚ್ಚಿಸುತ್ತ, ಜುಲೈ ತಿಂಗಳಿಗೆ ಒಂದೇ ದಿನದಲ್ಲಿ ನೂರಿಪ್ಪತ್ತು ಮುಟ್ಟಬೇಕು. ತುಳಿದಾಗ ಮಾಂಸಖಂಡವು ಸೂಕ್ಷ್ಮವಾಗಿ ಹರಿಯುತ್ತದೆ. ವಿಶ್ರಾಂತಿಯಲ್ಲಿ ಮತ್ತೆ ಕೂಡಿಕೊಂಡು ಮೊದಲಿಗಿಂತ ಬಲಿಯುತ್ತದೆ. ಆದುದರಿಂದ ತುಳಿಯದ ದಿನವೂ ಅಭ್ಯಾಸದ ಭಾಗವೇ. ಇದನ್ನು ಓದಿದಾಗ ಒಂದು ವಿಚಿತ್ರ ಸಾಮ್ಯವು ನನಗೆ ಹೊಳೆಯಿತು. ಕ್ಯಾನ್ಸರಿನ ಔಷಧವನ್ನೂ ದಿನಂಪ್ರತಿ ಸುರಿಯುವುದಿಲ್ಲ. ಅನೇಕ ಚಿಕಿತ್ಸೆಗಳಲ್ಲಿ ಒಮ್ಮೆ ಕೊಟ್ಟು ಮೂರು ವಾರ ಬಿಡುತ್ತಾರೆ. ಆ ಅವಧಿಯಲ್ಲಿ ಮಜ್ಜೆಯು ಚೇತರಿಸಿಕೊಂಡು ಕಣಗಳನ್ನು ಹುಟ್ಟಿಸಬೇಕು. ಪೆಟ್ಟು, ಬಿಡುವು, ಮತ್ತೆ ಪೆಟ್ಟು. ಇಬ್ಬರ ದೇಹಗಳೂ ಒಂದೇ ಧರ್ಮವನ್ನು ಪಾಲಿಸುತ್ತವೆ. ಆದರೆ ಸವಾರನ ದೇಹವು ಪ್ರತಿ ಸುತ್ತಿನಲ್ಲಿಯೂ ಒಂದು ಮೆಟ್ಟಿಲು ಮೇಲೇರುತ್ತದೆ. ರೋಗಿಯ ದೇಹವು ಇದ್ದ ಮೆಟ್ಟಿಲಲ್ಲಿಯೇ ನಿಂತರೆ ಅದೇ ದೊಡ್ಡ ಲಾಭ.

ಆಯಾಸದಲ್ಲಿಯೂ ಇದೇ ಭೇದ. ಸವಾರನು ದಣಿದು ಬಂದು ಉಂಡು ಮಲಗಿದರೆ ಬೆಳಗಾಗುವುದರೊಳಗೆ ದಣಿವು ತೀರುತ್ತದೆ. ತೀರುವುದು ಮಾತ್ರವಲ್ಲ, ಅದರಲ್ಲೊಂದು ಸುಖವೂ ಇರುತ್ತದೆ. ಕ್ಯಾನ್ಸರ್ ರೋಗಿಯ ದಣಿವು ನಿದ್ರೆಯಿಂದ ತೀರುವಂಥದಲ್ಲ. ಹತ್ತು ತಾಸು ಮಲಗಿ ಎದ್ದವನು ಹಲ್ಲುಜ್ಜಿ ಬಂದು ಮತ್ತೆ ಒರಗಬೇಕಾಗುತ್ತದೆ. ಬಹುದೂರ ತುಳಿದಾಗ ಹಿಡಿಕೆಯ ಒತ್ತಡಕ್ಕೆ ಅಂಗೈ ಮರಗಟ್ಟುವುದುಂಟು. ಇಳಿದು ಕೈಯಾಡಿಸಿದರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಕೆಲವು ಔಷಧಗಳಿಂದ ನರಗಳು ನೊಂದವರಿಗೂ ಬೆರಳುಗಳು ಮರಗಟ್ಟುತ್ತವೆ. ಅವರಿಗೆ ತಿಂಗಳುಗಟ್ಟಲೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ. ಒಂದೇ ಶಬ್ದ, ಎರಡು ಅರ್ಥ. ನಿನ್ನ ಕಷ್ಟ ನನಗೆ ಗೊತ್ತು ಎಂದು ಸವಾರನು ರೋಗಿಗೆ ಹೇಳಹೊರಟರೆ ಅದು ಸುಳ್ಳಾಗುತ್ತದೆ. ನನ್ನ ವಿದ್ಯಾರ್ಥಿಯು ಹಾಗೆ ಹೇಳಿಲ್ಲವೆಂಬುದು ನನಗೆ ಸಂತೋಷ. ಗುರುವಾರದ ಕುರ್ಚಿಯು ಶನಿವಾರದ ಸವಾರಿಯ ಹೆಮ್ಮೆಯನ್ನು ತಾನಾಗಿಯೇ ಇಳಿಸುತ್ತದೆಯೆಂದು ಅವನು ಬರೆದಿದ್ದನು.

ಯಾತನೆಯೂ ಆಯಾಸವೂ ಒಂದೇ ಮೈಯಲ್ಲಿ ಕೂಡಿದ ಉದಾಹರಣೆಯೂ ಇಲ್ಲದಿಲ್ಲ. ಕೆನಡಾದ ಟೆರಿ ಫಾಕ್ಸ್ ಎಂಬ ತರುಣನು 1977ರಲ್ಲಿ ಎಲುಬಿನ ಕ್ಯಾನ್ಸರಿಗೆ ಬಲಗಾಲನ್ನು ಕಳೆದುಕೊಂಡು, 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಪೂರ್ವ ಕರಾವಳಿಯಿಂದ ಓಟವನ್ನು ಹೂಡಿದನು. 143 ದಿನಗಳಲ್ಲಿ 5,373 ಕಿಲೋಮೀಟರು ಓಡಿದ ಮೇಲೆ ರೋಗವು ಶ್ವಾಸಕೋಶಕ್ಕೆ ಹರಡಿ ನಿಂತನು. 1981ರ ಜೂನಿನಲ್ಲಿ ಮಡಿದನು. ಅವನನ್ನು ಓಡಿಸಿದುದು, ಆಸ್ಪತ್ರೆಯಲ್ಲಿ ತಾನು ಕಂಡ ಇತರ ರೋಗಿಗಳ ನೆನಪು. ಅಂಥವನನ್ನು, ನೀನು ಯಾವ ಅಧಿಕಾರದಿಂದ ಅವರಿಗಾಗಿ ಓಡುತ್ತೀ ಎಂದು ಯಾರೂ ಕೇಳಲಾರರು. ಮ್ಯಾಸಚೂಸೆಟ್ಸಿನ ಸವಾರರಲ್ಲಿಯೂ ರೋಗದಿಂದ ಪಾರಾದವರು ಬಹುಮಂದಿ ಇದ್ದಾರೆ. ನಮ್ಮ ಪ್ರಶ್ನೆ ಉಳಿದವರದು, ಮೈಯಲ್ಲಿ ಏನೂ ಇಲ್ಲದವರದು.

ಊರಿನಲ್ಲಿ ನಾಲ್ವರ ಮುಂದೆ ಈ ವಿಷಯವನ್ನು ಎತ್ತಿದಾಗ ಹಿರಿಯರೊಬ್ಬರು ತಟ್ಟನೆ, ಹಣ ಕೊಡುವುದಾದರೆ ಕೊಟ್ಟುಬಿಡಲಿ, ಬೈಸಿಕಲ್ ಏಕೆ ತುಳಿಯಬೇಕು ಎಂದರು. ಆಕ್ಷೇಪವು ಸರಳವಾಗಿದೆ, ಬಲವಾಗಿಯೂ ಇದೆ. ನೂರಾರು ಮೈಲಿ ತುಳಿದುದರಿಂದ ಒಂದು ಮಾತ್ರೆಯೂ ತಯಾರಾಗುವುದಿಲ್ಲ. ಒಳ್ಳೆಯ ಬೈಸಿಕಲ್ಲಿನ ಬೆಲೆಯಲ್ಲಿಯೇ ಒಬ್ಬ ಬಡರೋಗಿಗೆ ನೆರವಾಗಬಹುದು. ಇದಕ್ಕೆ ನನ್ನ ಸಮಾಧಾನ ಇಷ್ಟು. ಅವನು ತುಳಿಯುವುದು ಕೊಡುವುದಕ್ಕಲ್ಲ, ಬೇಡುವುದಕ್ಕೆ. ಜಂಗಮನ ಹೆಗಲಿನ ಜೋಳಿಗೆಯು ಅವನ ಹಸಿವನ್ನು ಮಾತ್ರ ಹೇಳುವುದಿಲ್ಲ; ಮನೆಮನೆಯ ಬಾಗಿಲಲ್ಲಿ ನಿಂತು ಗೃಹಸ್ಥನಿಗೆ ಕೊಡುವ ಅವಕಾಶವನ್ನು ಒದಗಿಸುತ್ತದೆ. ತನ್ನ ಹಣವನ್ನು ಸದ್ದಿಲ್ಲದೆ ಕೊಟ್ಟವನು ಒಬ್ಬನೇ ಕೊಟ್ಟಂತಾಯಿತು. ನೂರು ಬಾಗಿಲಿಗೆ ಹೋಗಿ ಬೇಡಿದವನು ನೂರು ಮಂದಿಯನ್ನು ಕೊಡುವವರನ್ನಾಗಿ ಮಾಡಿದನು. ಆದರೆ ಬರಿಗೈಯಲ್ಲಿ, ಬರಿಬಾಯಲ್ಲಿ ಬೇಡಲು ಸಂಕೋಚವಿರುತ್ತದೆ. ಈ ಕೆಲಸವು ನನಗೂ ಸುಲಭವಲ್ಲ, ನಾನೂ ಏನನ್ನೋ ತೆರುತ್ತಿದ್ದೇನೆ ಎಂಬುದಕ್ಕೆ ಬೆವರು ಸಾಕ್ಷಿ. ಹಾಗೆ ನೋಡಿದರೆ ಬೈಸಿಕಲ್ಲು ಅವನ ಜೋಳಿಗೆ. ಬೆಲೆಬಾಳುವ ಜೋಳಿಗೆಯೆಂಬುದನ್ನು ಒಪ್ಪುತ್ತೇನೆ.

ಅಪಾಯವಿರುವುದು ಇನ್ನೊಂದು ಕಡೆ. ಸೊನ್ನಲಿಗೆಯಲ್ಲಿ ಸಿದ್ಧರಾಮಯ್ಯನವರು ಕೆರೆಯನ್ನು ತೋಡಿಸುತ್ತಿದ್ದಲ್ಲಿಗೆ ಅಲ್ಲಮಪ್ರಭುಗಳು ಬಂದು, ಅವರನ್ನು ಮಣ್ಣು ಅಗೆಯುವವನೆಂಬಂತೆ ಕರೆದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಲೋಕೋಪಕಾರದ ಕಾರ್ಯದಲ್ಲಿ ಮುಳುಗಿದ ಮಹಾಪುರುಷರನ್ನು ಪ್ರಭುಗಳು ಏಕೆ ನೋಯಿಸಿದರೆಂದು ಅನೇಕರು ಕೇಳುವುದುಂಟು. ಕೆರೆಯೇ ವ್ಯರ್ಥವೆಂದು ಅದರ ಅರ್ಥವಾಗಿದ್ದರೆ ಪ್ರಭುಗಳು ಅದನ್ನು ಮುಚ್ಚಲು ಹೇಳುತ್ತಿದ್ದರು. ಹಾಗೆ ಹೇಳಿದರೆಂದು ನಾನು ಎಲ್ಲಿಯೂ ಓದಿಲ್ಲ. ಸೊಲ್ಲಾಪುರದ ಕೆರೆ ಇಂದಿಗೂ ಇದೆ. ಅವರು ತೆಗೆದುಹಾಕಬೇಕೆಂದುದು ನೀರನ್ನಲ್ಲ, ನಾನು ತೋಡಿಸಿದೆನೆಂಬ ಹೂಳನ್ನು. ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಭೇದವೂ ಇದೇ. ದಾನಿಯು ಮೇಲೆ ನಿಂತು ಕೆಳಗೆ ಕೈಚಾಚುತ್ತಾನೆ. ದಾಸೋಹಿಯು ತಾನೇ ಕೆಳಗೆ ನಿಂತು, ಸ್ವೀಕರಿಸಿದವನಿಂದ ತನಗೆ ಉಪಕಾರವಾಯಿತೆಂದು ತಿಳಿಯುತ್ತಾನೆ.

ಸವಾರನಿಗೆ ಎಷ್ಟೊಂದು ಹಿಂದಿರುಗಿ ಬರುತ್ತದೆ ನೋಡಿರಿ. ಮೈ ಗಟ್ಟಿಯಾಗುತ್ತದೆ. ದಾರಿಯುದ್ದಕ್ಕೂ ಜನ ನಿಂತು ಚಪ್ಪಾಳೆ ತಟ್ಟುತ್ತಾರೆ. ಭಾವಚಿತ್ರಗಳು ಹರಡುತ್ತವೆ, ಸ್ನೇಹಿತರು ಹೊಗಳುತ್ತಾರೆ. ಎಲ್ಲವೂ ಮಡಿವಾಳನ ಮನೆಯಿಂದ ಬಂದ ಬಟ್ಟೆ, ಇಸ್ತ್ರಿ ಸಹಿತವಾಗಿ. ಇದು ಪಾಪವೆಂದು ನಾನು ಹೇಳುವುದಿಲ್ಲ. ಆರೋಗ್ಯವನ್ನೂ ಸಂತೋಷವನ್ನೂ ಯಾರೂ ಪಾಪವೆನ್ನಬಾರದು. ಅದನ್ನು ಸಂಪ್ರದಾನದ ಲೆಕ್ಕದಲ್ಲಿ ಬರೆದುಕೊಳ್ಳಬಾರದು, ಅಷ್ಟೇ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಲೋಭವಿದೆ. ಹಣ ಬೇಡುವವನಿಗೆ ಒಂದು ಕಥೆ ಬೇಕು. ಅಂಕಿಗಳಿಗೆ ಕರಗದ ಮನಸ್ಸು ಒಂದು ಮುಖಕ್ಕೆ ಕರಗುತ್ತದೆ. 1948ರಲ್ಲಿ ಆ ಹುಡುಗನ ಧ್ವನಿ ಮಾಡಿದುದು ಅದನ್ನೇ. ಇಂದಿನ ಸವಾರಿಯಲ್ಲಿಯೂ ಚಿಕಿತ್ಸೆಯಲ್ಲಿರುವ ಮಕ್ಕಳಿಗೂ ಸವಾರರ ತಂಡಗಳಿಗೂ ಗಂಟು ಹಾಕುವ ಏರ್ಪಾಡಿದೆ. ಆ ಮಕ್ಕಳ ಚಿತ್ರಗಳನ್ನು ದಾರಿಯ ಮಗ್ಗುಲಿಗೆ ನಿಲ್ಲಿಸುತ್ತಾರೆ. ಅದು ಮನೆಯವರು ಒಪ್ಪಿ ನಡೆಯುವ ಕಾರ್ಯ; ಅದರಲ್ಲಿ ದೋಷವಿಲ್ಲ. ಆದರೆ ಗುರುವಾರದ ಕುರ್ಚಿಯ ಮಗ್ಗುಲಲ್ಲಿ ಕುಳಿತವನ ಕಿವಿಗೆ ಬಿದ್ದ ಮಾತು ಹಾಗಲ್ಲ. ಸಾವಿನ ಭಯ, ಮಕ್ಕಳ ಮೇಲಣ ಸಿಟ್ಟು, ಸಾಲದ ಚಿಂತೆ, ಎಂದೋ ಮಾಡಿದ ತಪ್ಪಿನ ನೆನಪು—ಇವನ್ನು ರೋಗಿಯು ಅಪರಿಚಿತನಿಗೆ ಹೇಳುವುದು ಅವನು ಅಪರಿಚಿತನಾಗಿರುವುದರಿಂದಲೇ. ಅದರಲ್ಲಿ ಒಂದೆಳೆಯನ್ನು ಹೆಸರು ಮರೆಸಿ ಪತ್ರದಲ್ಲಿ ಬರೆದರೆ ಹಣ ಇಮ್ಮಡಿಯಾದೀತು. ಒಳ್ಳೆಯ ಕಾರ್ಯಕ್ಕಾಗಿಯೇ ಅಲ್ಲವೇ? ಅಲ್ಲ. ಅದು ನ್ಯಾಸವಾಗಿ ಇಟ್ಟ ವಸ್ತು. ನ್ಯಾಸವನ್ನು ಮಾರಿ ದೇವಾಲಯ ಕಟ್ಟಿಸಿದರೂ ಅದು ಅಪಹಾರವೇ. ಜಿಮ್ಮಿಯೆಂಬ ಹೆಸರನ್ನು ಇಟ್ಟವರು ಇದನ್ನು ಬಲ್ಲವರಾಗಿದ್ದರು. ಲಕ್ಷಾಂತರ ಡಾಲರು ಬಂದಾಗಲೂ ಹುಡುಗನ ಹೆಸರನ್ನು ಅವನಿಗೇ ಬಿಟ್ಟರು. ನನ್ನ ವಿದ್ಯಾರ್ಥಿಯ ಪತ್ರಗಳಲ್ಲಿ ರೋಗಿಯ ಹೆಸರಾಗಲಿ ವಯಸ್ಸಾಗಲಿ, ಗಂಡಸೋ ಹೆಂಗಸೋ ಎಂಬುದಾಗಲಿ ಇಲ್ಲ. ನಾನು ಕೇಳಲೂ ಇಲ್ಲ.

ಈಗ ಅವನ ಸಂದೇಹ. ಕೊಟ್ಟ ಮಾತಿನಷ್ಟು ಹಣವು ಜೂನ್ ತಿಂಗಳಲ್ಲಿಯೇ ಕೂಡಿತ್ತು. ಅದನ್ನು ಇಮ್ಮಡಿಸಬೇಕೆಂದೂ, ವೇಗವಾಗಿ ತುಳಿಯುವ ಗುಂಪಿನೊಡನೆ ಹೋಗಬೇಕೆಂದೂ ಅವನಿಗೆ ಉತ್ಸಾಹ ಬಂದಿತು. ಅಭ್ಯಾಸವೂ ಬೇಡುವ ಕೆಲಸವೂ ಏರಿದುವು. ಜುಲೈ ತಿಂಗಳಲ್ಲಿ ಎರಡು ಗುರುವಾರ ಆಸ್ಪತ್ರೆಗೆ ಹೋಗುವುದಾಗಲಿಲ್ಲ. ಅವನು ಬರೆದುದರ ತಾತ್ಪರ್ಯ ಇದು: “ಗುರುಗಳೇ, ಆಸ್ಪತ್ರೆಯ ಒಂದು ಮಧ್ಯಾಹ್ನದಲ್ಲಿ ನಾನು ಮಾಡುವುದು ಏನೂ ಇಲ್ಲ, ಒಂದು ಹೊದಿಕೆ ತಂದುಕೊಡುತ್ತೇನೆ. ಅದೇ ಹೊತ್ತನ್ನು ಸವಾರಿಗೆ ಕೊಟ್ಟರೆ ಇನ್ನಷ್ಟು ಸಾವಿರ ಡಾಲರು ಕೂಡೀತು. ಒಬ್ಬರ ಮಗ್ಗುಲಲ್ಲಿ ಕೂರುವುದಕ್ಕಿಂತ ಅನೇಕರ ಔಷಧಕ್ಕೆ ನೆರವಾಗುವುದು ಹೆಚ್ಚಲ್ಲವೇ?”

ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಲ್ಲರೂ ಹಾಸಿಗೆಯ ಮಗ್ಗುಲಲ್ಲಿ ಕುಳಿತು ಕೈಹಿಡಿದುಕೊಂಡೇ ಇದ್ದಿದ್ದರೆ ಅಮಿನಾಪ್ಟೆರಿನ್ ಹುಟ್ಟುತ್ತಿರಲಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ತುತ್ತಾದವರಲ್ಲಿ ಇಂದು ಸಂಪನ್ನ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಐದು ವರ್ಷಗಳನ್ನು ದಾಟಿ ಬದುಕುತ್ತಿದ್ದಾರೆ. ಅದು ಕನಿಕರದಿಂದ ಮಾತ್ರ ಆದುದಲ್ಲ. ಹಣದಿಂದ, ಪ್ರಯೋಗಶಾಲೆಯಿಂದ, ದಶಕಗಳ ಲೆಕ್ಕಾಚಾರದಿಂದ ಆಯಿತು. ಹೊದಿಕೆಯನ್ನು ಹೊಗಳಿ ಡಾಲರನ್ನು ಹಳಿಯುವುದು ಸುಲಭವಾದ ವೈರಾಗ್ಯ. ಅಂಥ ವೈರಾಗ್ಯದಲ್ಲಿ ನನಗೆ ವಿಶ್ವಾಸವಿಲ್ಲ.

ಆದರೂ ಅವನ ತಕ್ಕಡಿಯಲ್ಲಿ ದೋಷವಿದೆ. ಹಾಲನ್ನು ಸೇರಿನಿಂದ ಅಳೆಯುತ್ತಾರೆ, ಬಟ್ಟೆಯನ್ನು ಗಜದಿಂದ. ಎರಡು ಸೇರು ಹೆಚ್ಚೋ ಮೂರು ಗಜ ಹೆಚ್ಚೋ ಎಂದು ಯಾರೂ ಜಗಳವಾಡುವುದಿಲ್ಲ. ಇನ್ನಷ್ಟು ಸಾವಿರ ಡಾಲರು ಅವನಿಂದ ಬಾರದಿದ್ದರೆ ಮತ್ತೊಬ್ಬ ಸವಾರನಿಂದ, ಮುಂದಿನ ವರ್ಷವಾದರೂ ಬಂದೀತು. ಹಣಕ್ಕೆ ಮುಖವಿಲ್ಲ, ಯಾರ ಕೈಯದಾದರೂ ಅದು ಅದೇ. ಈ ಗುರುವಾರ ಎರಡು ಗಂಟೆಗೆ ಆ ಕುರ್ಚಿಯ ಮಗ್ಗುಲು ಬರಿದಾದರೆ ಅದನ್ನು ಮುಂದಿನ ವರ್ಷ ತುಂಬಲಾಗುವುದಿಲ್ಲ. ಬರುತ್ತೇನೆಂದು ಹೇಳಿದವನು ಅವನು. ಬಾಗಿಲ ಕಡೆ ನೋಡುತ್ತಿರುವವರು ಕಾಯುತ್ತಿರುವುದು ಅವನನ್ನು. ಸವಾರಿಗೆ ಕೊಟ್ಟ ಮಾತು ತೀರಿಹೋಗಿದೆ. ಆಸ್ಪತ್ರೆಗೆ ಕೊಟ್ಟ ಮಾತು ಪ್ರತಿ ಗುರುವಾರವೂ ಹೊಸದಾಗಿ ತೀರಿಸಬೇಕಾದುದು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಬಿದ್ದಿದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದುದೇ. ಅದನ್ನು ದುರಾಸೆಯ ಖಂಡನೆಯೆಂದು ಹೇಳುತ್ತಾರೆ. ಆದರೆ ಮಾರಯ್ಯನವರ ಮನೆಯಲ್ಲಿ ಅಕ್ಕಿ ಬೇಯುತ್ತಿದ್ದುದು ಜಂಗಮದಾಸೋಹಕ್ಕೆ ಎಂಬುದನ್ನು ಮರೆಯಬಾರದು. ಇನ್ನೆರಡು ಹಿಡಿಯಾದರೆ ಇನ್ನೊಬ್ಬ ಜಂಗಮನು ಉಂಡಾನೆಂಬ ನ್ಯಾಯವು ಅವರಿಗೂ ಒದಗುತ್ತಿತ್ತು. ಆ ನ್ಯಾಯವನ್ನೇ ಲಕ್ಕಮ್ಮನವರು ಒಪ್ಪಲಿಲ್ಲ. ಒಳ್ಳೆಯದಕ್ಕಾಗಿಯೇ ಬಯಸಿದ ಹೆಚ್ಚಳದಲ್ಲಿಯೂ ಬಯಕೆಯು ಇರುತ್ತದೆಂಬುದು ಆ ತಾಯಿಯ ಕಣ್ಣಿಗೆ ಬಿದ್ದಿತು. ನನ್ನ ವಿದ್ಯಾರ್ಥಿಯ ಇಮ್ಮಡಿಯ ಉತ್ಸಾಹದಲ್ಲಿ ರೋಗಿಗಳ ಪಾಲೆಷ್ಟು, ವೇಗದ ಗುಂಪಿನ ಪಾಲೆಷ್ಟು ಎಂಬುದನ್ನು ನಾನು ಇಲ್ಲಿ ಕುಳಿತು ಹೇಳಲಾರೆ. ಅವನು ಹೇಳಬಲ್ಲನು.

ಆದುದರಿಂದ ಅವನಿಗೆ ಹೀಗೆ ಬರೆದೆನು: ಸವಾರಿಯನ್ನು ಬಿಡಬೇಡ, ಬೇಡುವುದನ್ನೂ ಬಿಡಬೇಡ; ಗುರುವಾರವನ್ನು ಮುಟ್ಟಬೇಡ. ಅಭ್ಯಾಸ ಕಡಿಮೆಯಾದರೆ ನಿಧಾನವಾಗಿ ತುಳಿ. ಪಂದ್ಯವಲ್ಲವೆಂದು ನೀನೇ ಬರೆದಿದ್ದೀಯಷ್ಟೆ, ಮೆಲ್ಲಗೆ ತುಳಿದವನಿಗೂ ಪ್ರಾವಿನ್ಸ್‌ಟೌನ್ ಅಲ್ಲಿಯೇ ಇರುತ್ತದೆ. ತಪ್ಪಿದ ಎರಡು ವಾರಗಳಿಗೆ ದೊಡ್ಡ ಕ್ಷಮಾಪಣೆಯನ್ನು ಹೊತ್ತುಕೊಂಡು ಹೋಗಿ ದಣಿದವರಿಂದ ಸಮಾಧಾನದ ಮಾತು ಹೇಳಿಸಿಕೊಳ್ಳಬೇಡ, ಹೊದಿಕೆ ತಂದುಕೊಡು.

ಈ ಮಾತು ಬೋಸ್ಟನ್ನಿಗೆ ಮಾತ್ರ ಸಲ್ಲುವುದಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ ನಮ್ಮ ಜಿಲ್ಲೆಗಳಿಂದ ಹೋಗುವ ರೋಗಿಗಳೊಡನೆ ಸಾಮಾನ್ಯವಾಗಿ ಮನೆಯವರೊಬ್ಬರು ಇರುತ್ತಾರೆ. ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವವರೂ ಅವರೇ, ಔಷಧ ತರುವವರೂ ಅವರೇ, ಹಾಸಿಗೆಯ ಮಗ್ಗುಲಲ್ಲಿ ಇರಬೇಕಾದವರೂ ಅವರೇ. ಅವರು ಊಟಕ್ಕೆಂದು ಎದ್ದುಹೋದ ಅರ್ಧ ಗಂಟೆ ಅಲ್ಲಿ ಯಾರು ಕೂರಬೇಕು? ಇದಕ್ಕೆ ಬೈಸಿಕಲ್ಲೂ ಬೇಡ, ಡಾಲರೂ ಬೇಡ. ಸಾವಿರಾರು ರೂಪಾಯಿ ವಂತಿಗೆ ಕೊಡಲು ಹಿಂಜರಿಯದ ನಮ್ಮ ಗೃಹಸ್ಥರು ಈ ಅರ್ಧ ಗಂಟೆಯನ್ನು ಕೊಡಲು ಹಿಂಜರಿಯುವುದನ್ನು ನಾನು ನೋಡಿದ್ದೇನೆ. ಹಣ ಕೊಟ್ಟವನು ರೋಗವನ್ನು ನೋಡಬೇಕಾಗಿಲ್ಲ, ಕುಳಿತವನು ನೋಡಲೇಬೇಕು. ಕೈಹಿಂತೆಗೆಯುವುದಕ್ಕೆ ಅದೇ ಕಾರಣವಿರಬಹುದು.

ಮುಂದಿನ ಗುರುವಾರ ವಿದ್ಯಾರ್ಥಿಯು ಆಸ್ಪತ್ರೆಗೆ ಹೋದನಂತೆ. ಅವನನ್ನು ಕಾಯುತ್ತಿದ್ದವರು ಆ ಹೊತ್ತಿನಲ್ಲಿ ಔಷಧದ ಮಂಪರಿನಲ್ಲಿ ನಿದ್ರೆಹೋಗಿದ್ದರು. ಇವನು ಮೂರು ತಾಸು ಮಗ್ಗುಲಲ್ಲಿ ಕುಳಿತಿದ್ದು, ಅವರು ಎಚ್ಚರಗೊಳ್ಳುವ ಮೊದಲೇ ಅವಧಿ ಮುಗಿದುದರಿಂದ ಎದ್ದು ಬಂದನು. ಆಗಸ್ಟಿನಲ್ಲಿ ತನ್ನ ಗುಂಪಿನವರಿಗಿಂತ ಎರಡೂವರೆ ತಾಸು ತಡವಾಗಿ ಸಮುದ್ರತೀರವನ್ನು ಮುಟ್ಟಿದನು.